ಹಾಲಿನ ಮೇಲಿನ ಮುಚ್ಚಳ

ಗಾಂಧಿ ಚೌಕ, ವಿಜಾಪುರ
ರವಿವಾರ, ೬ ಡಿಸೆಂಬರ ೧೯೬೪

ಚಿ. ಲಕ್ಕವ್ವನಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಮಿರಜಿನ ನೀರು ಹೊಂದಿತೇ? ನಿದ್ದೆ ಬರುತ್ತದೆಯೇ, ಕಾಲಿನ ಸೆಳೆತ ಹೇಗಿದೆ, ಡಾಕ್ಟರು ಕೊಟ್ಟ ಗುಳಿಗೆಯನ್ನು ಊಟವಾದ ಮೇಲೆ ತೆಗೆದುಕೊಳ್ಳುತ್ತೀಯೋ ಇಲ್ಲವೋ, ಇವೆಲ್ಲ ಬರೆ. ನೀನು ಹೋದಾಗಿನಿಂದ ಬಂದದ್ದು ಒಂದೇ ಕಾರ್ಡು. ಅದರಲ್ಲೂ 'ನಾವು ಆರಾಮ' ಎಂಬುದನ್ನು ಬಿಟ್ಟರೆ ಉಳಿದದ್ದೆಲ್ಲ ಆಸ್ಪತ್ರೆಯ ತೋಟದ ವರ್ಣನೆ. ತೋಟ ಚೆನ್ನಾಗಿಯೇ ಇರಬಹುದು. ನನಗೆ ನಿನ್ನ ಕಾಲಿನ ಸುದ್ದಿ ಬೇಕು. ನಿಮ್ಮವ್ವ ಆ ಬಾಡಿಗೆ ಕೋಣೆಯಲ್ಲಿ ಒಲೆ ಹೂಡಿದಳೇ? ಅಲ್ಲಿಯ ಗೋದಿಯ ಪೋಳಿ ತಿಂದು ಅವಳ ಮುಖ ಸಣ್ಣಗಾಗಿರುತ್ತದೆಂದು ಬಿಳಿಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿದ್ದೇನೆ. ಕನಮಡಿಯ ಬೀರಣ್ಣ ಉಣ್ಣೆಯ ವ್ಯಾಪಾರಕ್ಕೆ ಮಿರಜಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಗಂಟು ಮತ್ತು ಈ ಪತ್ರ ಕಳಿಸುತ್ತಿದ್ದೇನೆ. ಪತ್ರವನ್ನು ಎಂದಿನಂತೆ ನಿಮ್ಮವ್ವನಿಗೆ ಓದಿ ಹೇಳು. ಅವಳ ಬಲಗಡೆ ಕೂತು, ಸಾವಕಾಶ ಓದು. ಎಲ್ಲಿ ನಿಲ್ಲಿಸಬೇಕೆಂದು ನಾನೇ ಹೇಳುತ್ತೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮಧ್ಯಾಹ್ನ ಖಾನಾವಳಿ, ರಾತ್ರಿ ಹಾಲು ಮತ್ತು ಬಾಳೆಹಣ್ಣು. ಉಪ್ಪಿನಕಾಯಿಯ ಭರಣಿಗೆ ನಾನು ಒದ್ದೆ ಕೈ ಹಾಕಿಲ್ಲವೆಂದು ನಿಮ್ಮವ್ವ ಮುರಿಗೆವ್ವನಿಗೆ ಹೇಳು. ಅವಳು ಮೊದಲು ಕೇಳುವುದು ಅದನ್ನೇ. ಹಿತ್ತಲ ತುಳಸಿಗೆ ನೀರು ಬೀಳುತ್ತಿದೆ. ಅಂಗಡಿಯಲ್ಲಿ ಚೌಕಟ್ಟಿನ ಕಟ್ಟಿಗೆ ಪಟ್ಟಿಗಳನ್ನು ಇಟ್ಟ ಮೂಲೆಯಲ್ಲಿ ಬೆಕ್ಕು ಮರಿ ಹಾಕಿದೆ. ಗಿರಾಕಿಗಳು ದೊಡ್ಡ ಚೌಕಟ್ಟು ಕೇಳಿದರೆ 'ಪಟ್ಟಿ ತೀರ್ಯಾವ' ಎಂದು ಹೇಳಿ ಕಳಿಸುತ್ತಿದ್ದೇನೆ, ಉದ್ದನೆಯ ಪಟ್ಟಿಗಳೆಲ್ಲ ಆ ಬಾಣಂತಿಯ ಕೆಳಗಿವೆ. ದೀಪಾವಳಿ ಕಳೆದು ಲಗ್ನದ ಫೋಟೋಗಳು ಬರತೊಡಗಿವೆ. ಎಲ್ಲ ಮದುಮಕ್ಕಳೂ ಯಾರೋ ಬೈದು ಕೂಡಿಸಿದಂತೆ ಕೂತಿರುತ್ತಾರೆ. ಈರಯ್ಯನವರು ಮೊನ್ನೆ ಬಂದಿದ್ದರು. ಬಬಲೇಶ್ವರದಲ್ಲಿ ಪಾಠ ಮುಗಿಸಿ ಸಾಲೆ ಬಿಟ್ಟು ರಸ್ತೆಯ ಬದಿಗೆ ನಡೆದು ಬರುತ್ತಿದ್ದ ನಿನಗೆ ಅವರ ಕಾರು ಬಡಿದು ಬರುವ ಹೋಳಿ ಹುಣ್ಣಿಮೆಗೆ ವರ್ಷವಾಗುತ್ತದೆ. ಅವರು ಅಂದಿನಿಂದ ಆ ಕಾರು ಹತ್ತಿಲ್ಲ. ಟಾಂಗಾದಲ್ಲಿ ಬರುತ್ತಾರೆ, ಹೊಸ್ತಿಲ ಹೊರಗೇ ನಿಂತು 'ಮಗಳು ಹೆಂಗದಾಳ್ರಿ?' ಎಂದು ಕೇಳುತ್ತಾರೆ, ನಾನು ಉತ್ತರ ಕೊಡುವಾಗ ನೆಲ ನೋಡುತ್ತಾರೆ. ಈ ಸಲ ಪೇರಲ ಹಣ್ಣು ತಂದಿದ್ದರು. ನಿಮ್ಮವ್ವನಿಗೆ ಹೇಳು, ಅವರನ್ನು ನಾನು ಒಳಗೆ ಕರೆದು ಚಹಾ ಕೊಟ್ಟೆ.

ಇಲ್ಲಿಗೆ ನಿಲ್ಲಿಸು. ಅವಳು ಕಾಗದದ ಕಡೆ ನೋಡಿ ಇನ್ನೂ ಇದೆಯಲ್ಲ ಎಂದರೆ, ಉಳಿದದ್ದು ಗಾಜು ಮತ್ತು ಮೊಳೆಯ ಸುದ್ದಿ ಎಂದು ಹೇಳು. ಮುಂದಿನದನ್ನು ಮನಸ್ಸಿನಲ್ಲಿ ಓದಿಕೋ.

ವಿಮಾ ಕಂಪನಿ ನಮ್ಮ ಪರಿಹಾರದ ಅರ್ಜಿಯನ್ನು ತಿರಸ್ಕರಿಸಿದೆ. ಈರಯ್ಯನವರು ಕಾರಿಗೆ ವಿಮೆ ಇಳಿಸಿದ್ದರು, ಕಾರಿನಿಂದ ಪೆಟ್ಟಾದವರಿಗೆ ಕೊಡಬೇಕಾದ್ದನ್ನು ಕಂಪನಿ ಕೊಡುತ್ತದೆ, ಆ ದುಡ್ಡಿನಿಂದ ಮಿರಜಿನಲ್ಲಿ ನಿನ್ನ ತೊಡೆಯ ಎಲುಬನ್ನು ಮತ್ತೆ ಬಿಡಿಸಿ ನೆಟ್ಟಗೆ ಕೂಡಿಸುತ್ತಾರೆ ಎಂದು ನಾವು ಲೆಕ್ಕ ಹಾಕಿದ್ದೆವಲ್ಲ. ತಡ ಮಾಡಿದಷ್ಟು ಗುಣ ಕಡಿಮೆ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಮುರ್ತುಜಾಸಾಬ ವಕೀಲರು ಅಂಗಡಿಗೆ ಮನುಷ್ಯನನ್ನು ಕಳಿಸಿ ನನ್ನನ್ನು ಕರೆಸಿಕೊಂಡರು. ಕಂಪನಿಯ ಇಂಗ್ಲಿಷ್ ಕಾಗದವನ್ನು ಸಾಲು ಸಾಲಾಗಿ ಕನ್ನಡ ಮಾಡಿ ಓದಿದರು. ಹುಡುಗಿ ಪೂರ್ತಿ ಗುಣವಾಗಿದ್ದಾಳೆ, ನಡಿಗೆಯಲ್ಲಿ ಯಾವ ದೋಷವೂ ಇಲ್ಲ, ಇದನ್ನು ತಿಕೋಟಾದ ನೆರೆಹೊರೆಯವರೇ ಹೇಳಿದ್ದಾರೆ. ಅವಳು ಕೊಡದ ಮೇಲೆ ಕೊಡ ಹೊತ್ತು ಬಾವಿಯಿಂದ ಬರುತ್ತಾಳೆ. ಅವಳು ನವಿಲಿನಂತೆ ನಡೆಯುತ್ತಾಳೆ. ಹಗ್ಗ ಹರಿದುಕೊಂಡ ಟಗರನ್ನು ಸಂತೆಯಲ್ಲಿ ಬೆನ್ನಟ್ಟಿ ಹಿಡಿದಿದ್ದಾಳೆ. ಟಗರಿನ ಸಾಲು ಬಂದಾಗ ಮುರ್ತುಜಾಸಾಬರು ಚಸ್ಮಾ ತೆಗೆದು ನನ್ನನ್ನು ನೋಡಿದರು. 'ಏನಪಾ ಶಿವಶರಣಪ್ಪಾ, ನಿನ್ನ ಮಗಳು ಟಗರ ಹಿಡೀತಾಳೇನು?' ನಗು ಅವರ ತುಟಿಯವರೆಗೆ ಬಂದಿತ್ತು. ನನ್ನ ಮುಖ ನೋಡಿ ಅದನ್ನು ನುಂಗಿಕೊಂಡು ಚಸ್ಮಾ ಮತ್ತೆ ಹಾಕಿಕೊಂಡರು.

ಈಗ ಬರೆಯುವುದು ಕಷ್ಟದ ಮಾತು. ಬನ್ನಿಯ ಹಬ್ಬಕ್ಕೆ ಮುಂಚೆ ನೀನು ತಿಕೋಟಾದಲ್ಲಿ ನಿನ್ನ ಆಯಿಯ, ನನ್ನವ್ವನ, ಮನೆಯಲ್ಲಿದ್ದಾಗ ಅಲ್ಲಿಗೆ ಒಬ್ಬ ಮನುಷ್ಯ ಬಂದಿದ್ದ. ಕಪ್ಪು ಟೊಪ್ಪಿಗೆ, ಚರ್ಮದ ಚೀಲ, ಸೊಲ್ಲಾಪುರದ ಕಡೆಯ ಅರ್ಧ ಮರಾಠಿಯ ಮಾತು. ನೀನು ನಡುಮನೆಯ ಬಾಗಿಲ ಹಿಂದೆ ಇದ್ದೆ. ಆಯಿ ನಿನ್ನನ್ನು ಹೊರಗೆ ಬಿಡಲಿಲ್ಲ, 'ಇವತ್ತ ದಿನಾ ಚೊಲೋ ಇಲ್ರಿ, ಇನ್ನೊಮ್ಮೆ ಬರ್ರಿ, ತೋರಸ್ತೀವಿ' ಎಂದಳು. ಅವನು ಕೇಳಿದ್ದು ಏನೇನು ಎಂಬುದನ್ನು ನೀನೂ ಕೇಳಿಸಿಕೊಂಡಿದ್ದೀ. ಹುಡುಗಿ ಹೇಗೆ ನಡೆಯುತ್ತಾಳೆ, ಭಾರ ಎತ್ತುತ್ತಾಳೋ, ಏನಾದರೂ ರೋಗ-ಬ್ಯಾನಿ ಇದೆಯೋ, ಗುಣ ಹೇಗೆ, ಯಾರ ಕೂಡ ಮಾತಾಡುತ್ತಾಳೆ, ಯಾರ ಪತ್ರ ಬರುತ್ತವೆ. ನಮ್ಮ ಕಡೆ ಅಪರಿಚಿತನೊಬ್ಬ ಓಣಿಗೆ ಬಂದು ಇದನ್ನೆಲ್ಲ ಕೇಳಿದರೆ ಅವನು ಯಾರೆಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿರುತ್ತದೆ. ಗಂಡಿನ ಕಡೆಯವರು ಹೆಣ್ಣಿನ ವಿಚಾರ ತೆಗೆಯಲು ಕಳಿಸಿದ ಮನುಷ್ಯ. ಆಯಿಯೂ ಹಾಗೇ ತಿಳಿದಳು, ಬಳೆಗಾರ್ತಿ ಪೀರಾಂಬಿಯೂ, ಎದುರಿನ ಕುರುಬರ ಧೂಳಪ್ಪನೂ. ಲಕ್ಕವ್ವಾ, ಅವನು ಯಾವ ಗಂಡಿನ ಕಡೆಯವನೂ ಅಲ್ಲ. ಅವನು ಕಂಪನಿಯ ಮನುಷ್ಯ.

ಅವನು ಹೋದ ಮೇಲೆ ನೀನಾಗಿಯೇ ಪೀರಾಂಬಿಯ ಮನೆಗೆ ಹೋಗಿ ಕೈ ಮುಂದೆ ಮಾಡಿದೆಯಂತೆ, ಅವಳು ಹಸಿರು ಬಳೆ ಇಟ್ಟಳಂತೆ. ಈ ಸಂಗತಿ ನನಗೆ ಗೊತ್ತಾಗಬೇಕಾದ್ದಲ್ಲ. ಪೀರಾಂಬಿ ಅಳುತ್ತ ಹೇಳಿಬಿಟ್ಟಳು. ಅಪ್ಪನಾದವನು ಇಂಥದ್ದನ್ನು ಕೇಳಿಯೂ ಕೇಳದಂತೆ ಇರಬೇಕು. ಹಾಗಿದ್ದು ಬರೆಯಲು ಪ್ರಯತ್ನಿಸಿದೆ, ಪತ್ರ ಸುಳ್ಳಿನಂತೆ ಕಂಡಿತು, ಹರಿದುಹಾಕಿದೆ. ಬಳೆಗಳನ್ನು ತೆಗೆಯಬೇಡ. ಅವು ಯಾರಿಗಾಗಿಯೂ ಇಟ್ಟವಲ್ಲ. ನಿನ್ನ ಕೈಗೆ ಒಪ್ಪುತ್ತವೆ ಎಂದು ಇಟ್ಟವು. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನು ಕೈ ಬೀಸಿದಾಗ ನಾನೂ ನೋಡಿದೆ, ಒಪ್ಪಿದ್ದವು.

ವಕೀಲರಲ್ಲಿಂದ ಎದ್ದವನು ಮರುದಿನ ತಿಕೋಟಾಕ್ಕೆ ಹೋದೆ. ಜಗಳವಾಡಬೇಕೆಂದೇ ಹೋದೆ. ಬಸ್ಸಿನಲ್ಲಿ ಕೂತು ಮಾತುಗಳನ್ನೆಲ್ಲ ಹರಿತ ಮಾಡಿಕೊಂಡಿದ್ದೆ. ಪೀರಾಂಬಿ ತನ್ನ ಕಟ್ಟೆಯ ಮೇಲೆ ಬಳೆಯ ಮಲಾರ ಬಿಚ್ಚಿಕೊಂಡು ಕೂತಿದ್ದಳು. ನಾನು ವಿಷಯ ಹೇಳುತ್ತಿದ್ದಂತೆ ಅವಳ ಕೈ ನಿಂತಿತು. 'ಯಪ್ಪಾ, ಆಂವಾ ಕಂಪನಿಯಾಂವ ಅಂತ ಹಣಿ ಮ್ಯಾಲ ಬರದಿತ್ತೇನ್ರಿ? ಗಂಡಿನ ಕಡ್ಯಾವರು ಕೇಳೂದೂ ಇದನ್ನ, ಆಂವಾ ಕೇಳಿದ್ದೂ ಇದನ್ನ. ನಡಗಿ ಹೆಂಗ, ಗುಣಾ ಹೆಂಗ. ನಾ ಏನಂತ ತಿಳಕೊಳ್ಳಿ? ನಮ್ಮ ಕೂಸಿನ ಲಗ್ನಾ ಕೂಡಲಿ ಅಂತ ನವಿಲ ಅಂದ್ನಿ. ನವಿಲ ಅಂದದ್ದ ತಪ್ಪಾತೇನು?' ಧೂಳಪ್ಪ ಅಷ್ಟರಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ನಿಂತಿದ್ದ. ಟಗರಿನ ಮಾತು ಕೇಳಿದರೆ ಅವನಿಗೆ ನಾಚಿಕೆಯಾಗುತ್ತದೆಂದು ನಾನು ತಿಳಿದಿದ್ದೆ. ಅವನು ಹಿಗ್ಗಿದ. 'ಇಂಗ್ಲೀಸಿನ್ಯಾಗ ಬರದಾನೇನ್ರಿ ನನ್ನ ಟಗರ?' ಆಮೇಲೆ ನನ್ನ ಮುಖದ ಕಡೆ ಲಕ್ಷ್ಯ ಹೋಗಿ ಗಂಭೀರನಾದ. 'ಯಜಮಾನ್ರ, ನನ್ನ ಕೋರ್ಟಿಗಿ ಕರೀರಿ. ಬೀರಪ್ಪನ ಆಣಿ ಮಾಡಿ ಹೇಳ್ತೀನಿ. ಒಂದ ಕಾಲ ಯಾಕ, ಬೇಕಾದ್ರ ಎರಡೂ ಕಾಲ ಇಲ್ಲಂತೀನಿ.' ಪೀರಾಂಬಿ ಅವನ ಮೇಲೆ ಹರಿಹಾಯ್ದಳು. 'ಥೂ, ನಿನ್ನ ಬಾಯಾಗ ಮಣ್ಣ ಹಾಕ! ಮಾತಿಗಿ ಮುಚ್ಚಳಾ ಇಲ್ಲೇನೋ ನಿನಗ?' ನಾನು ಕಲಿತುಕೊಂಡು ಹೋಗಿದ್ದ ಹರಿತ ಮಾತುಗಳು ಎಲ್ಲಿ ಹೋದವೋ ಗೊತ್ತಿಲ್ಲ. ಅವಳು ತಂದುಕೊಟ್ಟ ಚಹಾ ಕುಡಿಯುತ್ತ ಕೂತೆ.

ಆ ಕಟ್ಟೆಯ ಮೇಲೆ ಕೂತಾಗ ನನಗೆ ಒಂದು ಸಂಗತಿ ಹೊಳೆಯಿತು. ನೀನು ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಆಯಿಯ ಮನೆಗೆ ಹೋಗಿ ಇದ್ದದ್ದು ಯಾರೂ ನೋಡಬಾರದೆಂದು. ಹೊತ್ತು ಹುಟ್ಟುವ ಮುಂಚೆ ಹಿತ್ತಲಲ್ಲಷ್ಟೇ ನಡೆಯುತ್ತಿದ್ದೆ. ಆ ಓಣಿಯಲ್ಲಿ ಗೋಡೆಗಳು ಎದೆಮಟ್ಟ. ಎಲ್ಲರೂ ನೋಡಿದ್ದಾರೆ. ಎಲ್ಲರಿಗೂ ಗೊತ್ತಿದೆ. ಗೊತ್ತಿರುವುದನ್ನು ಒಬ್ಬರೂ ಬಾಯಿಗೆ ತಂದಿಲ್ಲ, ತಮ್ಮ ತಮ್ಮಲ್ಲಿ ಕೂಡ. ಧೂಳಪ್ಪನ ಹಿಂಡಿನಲ್ಲಿ ನೀನು ಬೆಲ್ಲ ತಿನ್ನಿಸುತ್ತಿದ್ದ ಕುರಿ ಇದೆಯಲ್ಲ, ರಾಣಿ ಎಂದು ಕರೆಯುತ್ತಾರಲ್ಲ, ಅದಕ್ಕೆ ಮೊದಲು ಬೇರೆ ಹೆಸರಿತ್ತು. ಅದು ಹೇಗೆ ನಡೆಯುತ್ತದೆಂದು ನೆನಪಿಸಿಕೊಂಡರೆ ಹಳೆಯ ಹೆಸರು ನಿನಗೇ ತಿಳಿಯುತ್ತದೆ. ನೀನು ತಿಕೋಟಾಕ್ಕೆ ಬಂದ ದಿನ ಅವನು ಅದರ ಹೆಸರು ಬದಲಿಸಿದ. ಹೊಸ ಹೆಸರಿಗೆ ಆ ಕುರಿ ಬಹಳ ದಿನ ತಿರುಗಿ ನೋಡುತ್ತಿರಲಿಲ್ಲವಂತೆ, ಈಗ ರೂಢಿಯಾಗಿದೆ. ಇದನ್ನು ಅವನ ಹೆಂಡತಿ ಹೇಳಿದಳು. ಅವನು ಹೇಳುತ್ತಿರಲಿಲ್ಲ.

ಪಟ್ಟಣದಲ್ಲಿ ಬಾಗಿಲು ಹಾಕಿಕೊಂಡರೆ ನಮ್ಮದು ನಮಗೆ ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ಹಳ್ಳಿಯಲ್ಲಿ ಬಾಗಿಲು ತೆರೆದೇ ಇರುತ್ತದೆ, ನೋಡಿದವರು ಕಣ್ಣು ಹೊರಳಿಸುತ್ತಾರೆ. ಯಾವುದು ಗಟ್ಟಿಯಾದ ಮರೆ ಎಂದು ಈಗ ನನಗೆ ಅಷ್ಟು ಖಾತ್ರಿಯಿಲ್ಲ. ನನ್ನ ಕಸುಬು ಗಾಜು ಹಾಕುವುದು. ಗಾಜಿನ ಗುಣ ನನಗೆ ಗೊತ್ತು, ಅದು ನೋಡಲು ಬಿಡುತ್ತದೆ, ಮುಟ್ಟಲು ಬಿಡುವುದಿಲ್ಲ. ಆ ಓಣಿಯವರು ನಿನ್ನ ಸುತ್ತ ಅಂಥದ್ದೊಂದನ್ನು ಹಾಕಿಟ್ಟಿದ್ದರು. ಕಂಪನಿಯವನು ಬಂದು ಕೈಯಾಡಿಸಿ ಹೋದ.

ಆಯಿಗೆ ಇನ್ನೂ ಏನೂ ಹೇಳಿಲ್ಲ. ಹೇಳಬಾರದೆಂದು ಪೀರಾಂಬಿಯೂ ಧೂಳಪ್ಪನೂ ನನ್ನಿಂದ ಮಾತು ತೆಗೆದುಕೊಂಡರು. ನಾನು ಊಟಕ್ಕೆ ಕೂತಾಗ ಆಯಿ ರೊಟ್ಟಿ ಬಡಿಯುತ್ತ ಕೇಳಿದಳು, 'ಆ ಸೊಲ್ಲಾಪುರದಾವರು ಏನರೆ ಬರದಾರೇನೋ?' ಇಲ್ಲ ಎಂದೆ. 'ಮಜ್ಜಿಗಿ ಕುಡದ ಹೋಗ್ಯಾನ. ಆಗೂದಿಲ್ಲಂದ್ರ ಆಗೂದಿಲ್ಲ ಅಂತ ಒಂದ ಮಾತ ಹೇಳಿ ಕಳಸಬಾರದಾ? ಬಿಡು, ಅವರ ದೈವದಾಗ ನಮ್ಮ ಹುಡಿಗಿ ಇಲ್ಲ.' ಆಮೇಲೆ ಅವಳೇ ಹೇಳಿದಳು, ಅವನು ಹೋದ ಕೂಡಲೇ ನೀನು ಹೊರಗೆ ಬಂದು 'ಆಯೀ, ಸುಳ್ಳ ಯಾಕ ಹೇಳಿದಿ?' ಎಂದು ಕೇಳಿದೆಯಂತೆ. ಅವಳು ನಿನಗೆ ಕೊಟ್ಟ ಉತ್ತರವನ್ನು ನನಗೂ ಹೇಳಿದಳು. 'ಹಾಲಿನ ಮ್ಯಾಲ ಮುಚ್ಚಳಾ ಹಾಕೂದು ಸುಳ್ಳೇನಬೇ? ಬೆಕ್ಕಿಗಿ ಕಾಣಬಾರದಂತ ಹಾಕ್ತೀವಿ. ಮನ್ಯಾಗಿನವರು ತಗದ ಕುಡೀತಾರ.' ನಾನು ಎರಡನೆಯ ರೊಟ್ಟಿ ಹಾಕಿಸಿಕೊಂಡೆ.

ಆಯಿ ಆ ಕಂಪನಿಯವನಿಗೆ ಒಂದು ಪ್ರಶ್ನೆ ಕೇಳಿದ್ದಳು. 'ಹುಡುಗ ಎಷ್ಟ ಕಲತಾನ್ರಿ?' ಅದನ್ನು ಕೇಳಿದಾಗ ಅವನಿಗೆ ಇವರು ತನ್ನನ್ನು ಯಾರೆಂದು ತಿಳಿದಿದ್ದಾರೆ ಎಂದು ಗೊತ್ತಾಗಿರಬೇಕು. ಮಜ್ಜಿಗೆಯ ಲೋಟ ಕೆಳಗಿಟ್ಟು 'ಬರೋಬರಿ ಕಲತಾನ್ರಿ' ಎಂದನಂತೆ. ನನ್ನ ಸಿಟ್ಟು ಈಗ ಆ ಒಂದು ಮಾತಿನ ಮೇಲೆ ಬಂದು ನಿಂತಿದೆ. ಅವನು ಕೇಳಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಕಂಪನಿ ದುಡ್ಡು ಕೊಡುವ ಮುಂಚೆ ಪೆಟ್ಟು ನಿಜವೋ ಅಲ್ಲವೋ ನೋಡಲೇಬೇಕು, ಸುಳ್ಳು ಅರ್ಜಿ ಹಾಕುವವರೂ ಇದ್ದಾರೆ. ಆದರೆ ತಾನು ಯಾರು, ಯಾಕೆ ಕೇಳುತ್ತಿರುವುದು ಎಂದು ಹೇಳಿ ಕೇಳಬೇಕಲ್ಲ. ಬಬಲೇಶ್ವರದ ಸಾಲೆಗೂ ಅವನು ಹೋಗಿದ್ದ. ಅಂದು ಸಂಜೆ ಅವಳು ಒಬ್ಬಳೇ ಇದ್ದಳೋ, ಜೊತೆಗೆ ಯಾರಿದ್ದರು ಎಂದು ಕೇಳಿದ್ದಾನೆ. ಕಾರು ಬಡಿಯುವುದಕ್ಕೂ ಅದಕ್ಕೂ ಏನು ಸಂಬಂಧ? ನಿನ್ನ ಜೊತೆ ಕಲಿಸುವ ನೂರಜಹಾನ ಬಾಯಿ ಮಾತ್ರ 'ಮೊದ್ಲ ನೀವು ಯಾರು ಹೇಳ್ರಿ, ಆಮ್ಯಾಲ ನಾ ಏನ ಹೇಳಬೇಕಂತ ನೋಡ್ತೀನಿ' ಎಂದರಂತೆ. ಕಂಪನಿಯ ಕಾಗದದಲ್ಲಿ 'ಒಬ್ಬ ಶಿಕ್ಷಕಿ ಸಹಕರಿಸಲಿಲ್ಲ' ಎಂದಿದೆ. ಇಡೀ ಕಾಗದದಲ್ಲಿ ನನಗೆ ಹಿಡಿಸಿದ ಸಾಲು ಅದೊಂದೇ.

ಮುರ್ತುಜಾಸಾಬರನ್ನು ಕೇಳಿದೆ, ಒಬ್ಬ ಹೆಣ್ಣುಮಗಳ ಬಗ್ಗೆ ಹೀಗೆ ಓಣಿ ಓಣಿ ಕೇಳಿಕೊಂಡು ತಿರುಗಲು ಇವರಿಗೆ ಹಕ್ಕಿದೆಯೇ ಎಂದು. ಅವರು ಬಹಳ ಹೊತ್ತು ಕಪಾಟಿನ ಪುಸ್ತಕಗಳ ಕಡೆ ನೋಡಿದರು. 'ಕೇಳಬ್ಯಾಡ ಅಂತ ಎಲ್ಲೂ ಬರದಿಲ್ಲಪಾ. ಹೇಳಬೇಕು ಅಂತನೂ ಎಲ್ಲೂ ಬರದಿಲ್ಲ' ಎಂದರು. ಅವರ ಪ್ರಕಾರ ಕೋರ್ಟಿನಲ್ಲಿ ನಮಗೆ ಎರಡು ದಾರಿ. ಒಂದು, ತಿಕೋಟಾದವರನ್ನು ಕಟಕಟೆಗೆ ಕರೆದು ಅವರು ಹೇಳಿದ್ದು ಸುಳ್ಳು ಎಂದು ಅವರ ಬಾಯಿಂದಲೇ ಹೇಳಿಸುವುದು, ನಿನ್ನನ್ನು ಜಡ್ಜರ ಮುಂದೆ ತುಂಬಿದ ಕೋರ್ಟಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಸುವುದು. ಗೆಲ್ಲುವ ದಾರಿ ಇದು ಎಂದರು. ಇನ್ನೊಂದು, ಡಾಕ್ಟರು ಮುಚ್ಚಿದ ಕೋಣೆಯಲ್ಲಿ, ನರ್ಸು ಜೊತೆಗಿದ್ದು, ನಿನ್ನ ಒಪ್ಪಿಗೆಯಿಂದ ಕಾಲನ್ನು ಮಾತ್ರ ನೋಡಿ ಬರೆದು ಕೊಡಲಿ, ಕಂಪನಿ ಅದನ್ನಷ್ಟೇ ಪುರಾವೆ ಎಂದು ತೆಗೆದುಕೊಳ್ಳಲಿ, ಓಣಿಯ ಮಾತು, ಪತ್ರಗಳ ಮಾತು, ಗುಣದ ಮಾತು ಕಾಗದದಿಂದ ತೆಗೆದುಹಾಕಲಿ ಎಂದು ಬೇಡುವುದು. 'ಹಿಂಗ ಯಾರೂ ಬೇಡಿಲ್ಲ. ಜಡ್ಜರು ಒಪ್ಪತಾರೋ ಇಲ್ಲೋ ನಾ ಹೇಳಲಾರೆ.' ನಾನು ಎರಡನೆಯದನ್ನೇ ಬರೆಯಿರಿ ಎಂದೆ.

ಮೊದಲನೆಯದು ಯಾಕೆ ಬೇಡವೆನಿಸಿತು ಎಂಬುದಕ್ಕೂ ಆ ಕಟ್ಟೆಯೇ ಕಾರಣ. ಕೋರ್ಟಿಗೆ ಬಂದರೆ ಏನು ಹೇಳುತ್ತೀ ಎಂದು ಪೀರಾಂಬಿಯನ್ನು ಕೇಳಿ ನೋಡಿದ್ದೆ. 'ಹೇಳ್ತೀನ್ರಿ, ನನಗೇನ ಅಂಜಿಕಿ? ಹುಡಿಗಿ ನಡಿವಾಗ, ಆಕಿ ಹಿಂಗ...' ಎಂದು ಶುರು ಮಾಡಿದಳು. ಬಾಯಿ ತೆರೆದದ್ದು ಹಾಗೇ ಉಳಿಯಿತು. ಬಳೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಸರಿಸಿದಳು. 'ಆಕಿ ಎಡಗಾಲ ಇಡುವಾಗ...' ಮತ್ತೆ ನಿಂತಳು. ಕೊನೆಗೆ ನನ್ನ ಮೇಲೆಯೇ ಸಿಟ್ಟಾದಳು. 'ನೀವ ಹಡದಾವರು, ನೀವ ಹೇಳ್ರಿ ನೋಡೂಣು!' ನನಗೂ ಆಗಲಿಲ್ಲ. ಧೂಳಪ್ಪ ಕಂಬಳಿಯ ಎಳೆ ಕೀಳುತ್ತ ನಿಂತಿದ್ದ.

ಇನ್ನೊಂದು ಮಾತು ಹೇಳುತ್ತೇನೆ. ಇದನ್ನು ಓದಿದ ಮೇಲೆ ನಿನ್ನ ಬಳಿಯೇ ಇರಲಿ. ನಿಮ್ಮವ್ವನನ್ನು ನೋಡಲು ನಾನು ಬಬಲೇಶ್ವರಕ್ಕೆ ಹೋದಾಗ ನಮ್ಮ ಕಡೆಯ ಹಿರಿಯರು ಅವಳನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಸಿದರು, ಸೂಜಿಗೆ ದಾರ ಪೋಣಿಸು ಎಂದರು, ಜಡೆ ಬಿಚ್ಚಿಸಿ ನೋಡಿದರು. ಕಿವಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಲಗ್ನವಾದ ಹೊಸತರಲ್ಲಿ ಒಮ್ಮೆ ನಾನು ಅವಳ ಎಡಗಡೆ ಕೂತು ಏನೋ ಹೇಳಿದೆ, ಅವಳು ಒಲೆಯ ಕಡೆ ನೋಡುತ್ತಲೇ ಇದ್ದಳು. ಮಾತು ಇಷ್ಟವಾಗಲಿಲ್ಲವೇನೋ ಎಂದುಕೊಂಡೆ. ಇನ್ನೊಂದು ದಿನ ತಿಳಿಯಿತು. ಅಂದಿನಿಂದ ನಾನು ಅವಳ ಬಲಗಡೆಯೇ ಕೂಡುತ್ತೇನೆ. ಅವಳೂ ನನ್ನ ಮಣೆಯನ್ನು ಅತ್ತಲೇ ಹಾಕುತ್ತಾಳೆ. ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತೋ ಇಲ್ಲವೋ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಚಿಕ್ಕವಳಿದ್ದಾಗ ನೀನು, ಅಪ್ಪ ಯಾಕೆ ಯಾವಾಗಲೂ ಅಲ್ಲೇ ಕೂಡುತ್ತಾನೆ ಎಂದು ಕೇಳಿದಾಗ 'ಅಲ್ಲಿ ಗಾಳಿ ಬರ್ತೈತಿ' ಎಂದು ಅವಳೇ ಉತ್ತರ ಕೊಟ್ಟಿದ್ದಳು. ಆ ಗೋಡೆಗೆ ಕಿಟಕಿಯೇ ಇಲ್ಲ. ಕಂಪನಿಯ ಮನುಷ್ಯ ನಮ್ಮ ಮನೆಗೆ ಬಂದು ಇದನ್ನು ಬರೆದುಕೊಂಡಿದ್ದರೆ ಒಂದು ಸಾಲಾಗುತ್ತಿತ್ತು. ನಮಗೆ ಅದು ಒಂದು ಸಂಸಾರವಾಯಿತು.

ನೀನು ಎಂದಾದರೂ ಲಗ್ನವಾಗುವುದಾದರೆ ನಿನ್ನ ಕಾಲಿನ ಸಂಗತಿಯನ್ನು ಮುಚ್ಚಿಟ್ಟು ಆಗಬೇಕೆಂದು ನಾನು ಹೇಳುವುದಿಲ್ಲ. ಆಯಿಯ ಕಾಲ ಬೇರೆ. ಆದರೆ ಮುಚ್ಚಳ ತೆಗೆಯುವ ಕೈ ಯಾರದ್ದು ಎಂಬುದರಲ್ಲಿ ಆಯಿ ಹೇಳಿದ್ದು ಸರಿ ಎಂದೇ ನನಗೆ ತೋರುತ್ತದೆ.

ಈಗ ಮತ್ತೆ ಗಟ್ಟಿಯಾಗಿ ಓದಬಹುದು. ಚಳಿ ಬಿದ್ದಿದೆ, ಬೆಳಗಿನ ಹೊತ್ತು ಇಬ್ಬರೂ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಮುರಿಗೆವ್ವ, ನೀನು ಆಸ್ಪತ್ರೆಯ ಬಾಗಿಲಲ್ಲಿ ದಿನವಿಡೀ ನಿಲ್ಲಬೇಡ, ಕೂಡಲು ಬೆಂಚು ಹಾಕಿರುತ್ತಾರೆ. ಹಿಟ್ಟು ಮುಗಿಯುವ ಮುಂಚೆ ತಿಳಿಸಿರಿ. ಎಳ್ಳ ಅಮಾಸಿಗೆ ನೀವು ಬರಲಾಗದಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ, ಸಜ್ಜಿಯ ಕಡುಬು ಆಯಿಯಿಂದ ಮಾಡಿಸಿಕೊಂಡು. ಪೀರಾಂಬಿ, ಧೂಳಪ್ಪ, ಈರಯ್ಯನವರು ನಿಮ್ಮಿಬ್ಬರನ್ನೂ ಕೇಳಿದ್ದಾರೆ. ರಾಣಿಯೂ ಕೇಳಿದ್ದಾಳೆ ಎಂದು ಧೂಳಪ್ಪ ಬರೆಸಿದ್ದಾನೆ. ದೇವರು ನಿಮ್ಮನ್ನು ಚೆನ್ನಾಗಿಡಲಿ.

ನಿನ್ನ ಅಪ್ಪ,
ಶಿವಶರಣಪ್ಪ

ತಾ.ಕ.: ಬೀರಣ್ಣ ಗಂಟು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸು ತಪ್ಪುತ್ತದೆ ಎನ್ನುತ್ತಿದ್ದಾನೆ. ಇದನ್ನು ನೀನೊಬ್ಬಳೇ ಓದು. ಪತ್ರದೊಳಗೆ ಮಡಚಿಟ್ಟದ್ದು ವಕೀಲರು ಬರೆದ ಹೊಸ ಅರ್ಜಿ. 'ಸದರಿ ಅಪಘಾತದಿಂದ ನಾನು' ಎಂಬ ಮಾತಿನ ಮುಂದೆ ಜಾಗ ಬಿಟ್ಟಿದೆ. ಮುರ್ತುಜಾಸಾಬರು ಅಲ್ಲಿ ಒಂದು ಶಬ್ದ ಬರೆದಿದ್ದರು, ಅದಿಲ್ಲದೆ ಅರ್ಜಿ ನಿಲ್ಲುವುದಿಲ್ಲವಂತೆ. ನಾನು ಹೇಳಿ ಕಾಗದ ಬದಲಿಸಿ ಆ ಜಾಗ ಖಾಲಿ ಬಿಡಿಸಿದೆ. ಆ ಶಬ್ದ ನಮ್ಮ ಮನೆಯಲ್ಲಿ ಈವರೆಗೆ ಯಾರ ಬಾಯಲ್ಲೂ ಬಂದಿಲ್ಲ, ನನ್ನಿಂದ ಶುರುವಾಗುವುದು ಬೇಡ. ನೀನು ಅದನ್ನೇ ಬರೆಯಬಹುದು, ನಿನಗೆ ಸರಿ ಕಂಡ ಬೇರೆ ಮಾತು ಬರೆಯಬಹುದು. ಬರೆದು ಸಹಿ ಮಾಡಿ ಬೀರಣ್ಣನ ಕೈಯಲ್ಲಿ ಕಳಿಸಿದರೆ ಅವನು ಬಂದ ಮರುದಿನವೇ ಕೋರ್ಟಿಗೆ ಕೊಡುತ್ತೇನೆ. ಖಾಲಿಯೇ ಬಂದರೆ ಮಡಚಿಡುತ್ತೇನೆ. ಯಾಕೆಂದು ನಾನು ಕೇಳುವುದಿಲ್ಲ. ಆಗ ಶಸ್ತ್ರಕ್ರಿಯೆಗೆ ಬೇರೆ ದಾರಿ ಹುಡುಕುವುದು ನನ್ನ ಕೆಲಸ, ಅದರ ಭಾರ ನಿನ್ನ ಮೇಲಿಲ್ಲ. ನನ್ನ ಪೆನ್ನನ್ನೇ ಅರ್ಜಿಯ ಜೊತೆ ಇಟ್ಟಿದ್ದೇನೆ. ಈ ಕೊನೆಯ ಸಾಲುಗಳನ್ನು ಕಟ್ಟಿಗೆಗೆ ಗುರುತು ಹಾಕುವ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ, ಅಕ್ಷರ ದಪ್ಪಗಾಗಿವೆ.